ಸ್ಟೀರಿಂಗ್ ಮುಟ್ಟೋಕೆ ಮುಂಚೆ ಮೂರು ಸಲ ಸಮುದ್ರ ದಾಟಿದವಳ ಪ್ರಶ್ನೆ

ದೊಡ್ಡ ದ್ವೀಪದ ಸಾರಿಗೆ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ಗಾಡಿ ಓಡಿಸೋಕಲ್ಲ, ಗಾಡಿ ಓಡಿಸೋದನ್ನ ಕಲಿಯಬಹುದು ಅಂತ ಬರೆದಿರೋ ಒಂದು ಕಾಗದಕ್ಕೆ ನಾನು ಇವತ್ತಿನವರೆಗೆ ನಾನೂರ ಹನ್ನೆರಡು ಯೂರೋ ಸುರಿದಿದ್ದೀನಿ. ಕಾಗದ ಇನ್ನೂ ಬಂದಿಲ್ಲ. ನಿಮ್ಮ ಕಚೇರಿ ಗೋಡೆ ಮೇಲೆ ಅಂಟಿಸಿರೋ ಶುಲ್ಕ ಇದರ ಕಾಲುಭಾಗ ಅಷ್ಟೇ. ಉಳಿದದ್ದೆಲ್ಲ ಎಲ್ಲಿಗೆ ಹೋಯ್ತು ಅಂದ್ರೆ, ನಮಗೂ ನಿಮಗೂ ನಡುವೆ ಇರೋ ನೀರಿಗೆ. ಇದನ್ನ ಮೊದಲು ಆನ್‌ಲೈನಲ್ಲಿ ನಮ್ಮ ಕಾರ್ ರ್ಯಾಲಿ ರೇಸಿನ ಅಭಿಮಾನಿಗಳ ಗುಂಪಲ್ಲಿ ಹಾಕಿದ್ದೆ. ನೂರ ನಲವತ್ತು ಜನ ನಗೋ ಮುಖ ಒತ್ತಿದ್ರು. ಒಬ್ಬ ಮಾತ್ರ, "ನಮ್ಮ ಹತ್ರ ಅತ್ರೆ ಏನ್ ಬಂತು, ಅವ್ರಿಗೇ ಬರಿ, ಎಲ್ರೂ ಓದೋ ಹಾಗೆ ಬರಿ" ಅಂದ. ಅದಕ್ಕೇ ಬರೀತಿದ್ದೀನಿ. ಉದ್ದ ಇದೆ, ದಯವಿಟ್ಟು ಬೆರಳಲ್ಲಿ ಜಾರಿಸಿಕೊಂಡು ಕೊನೆಗೆ ಹೋಗಬೇಡಿ.

ನನಗೆ ಹತ್ತೊಂಬತ್ತು. ಅರ್ಗೀರಿ ಮಾಮನ ಬೇಕರಿಲಿ ಕೆಲಸ. ಮಾಮನಿಗೆ ಎಪ್ಪತ್ಮೂರು, ಎರಡೂ ಕಣ್ಣಿಗೆ ಪೊರೆ. ಬೆಳಿಗ್ಗೆ ಬೆಳಿಗ್ಗೆ ನಮ್ಮ ವ್ಯಾನು ಗುಡ್ಡದ ಮೇಲಿನ ಐದು ಊರಿಗೆ ಬ್ರೆಡ್ ತಗೊಂಡು ಹೋಗತ್ತೆ. ಮೇಲೆ ಅಂಗಡಿ ಇಲ್ಲ, ಇರೋರಲ್ಲಿ ಮುಕ್ಕಾಲು ಪಾಲು ಮುದುಕರು. ವ್ಯಾನು ಹೋಗದ ದಿನ ಅವರು ಗಟ್ಟಿ ರಸ್ಕು ನೀರಲ್ಲಿ ಅದ್ದಿ ತಿಂತಾರೆ. ಈಸ್ಟರ್ ಆದ್ಮೇಲೆ ವ್ಯಾನು ನಾನೇ ಓಡಿಸಬೇಕು ಅಂತ ಮಾತಾಗಿದೆ. ಆದ್ರೆ ಕಲಿಸೋ ಸಾವಾಸ್ ಮೇಷ್ಟ್ರು ನಮ್ಮ ದ್ವೀಪಕ್ಕೆ ಬರೋದು ಚಳಿಗಾಲದಲ್ಲಿ ಮಾತ್ರ. ಮಾರ್ಚ್ ಹತ್ತಕ್ಕೆ ಅವರು ಗಂಟುಮೂಟೆ ಕಟ್ಟಿದ್ರೆ ಮತ್ತೆ ಕಾಣೋದು ನವೆಂಬರಿಗೆ. ಕಲಿಯೋ ಪರವಾನಗಿ ಕೈಗೆ ಬಾರದೆ ಅವರು ನನ್ನನ್ನ ಸೀಟಲ್ಲಿ ಕೂರಿಸೋ ಹಾಗಿಲ್ಲ. ಫೆಬ್ರವರಿ ಹದಿನೈದರೊಳಗೆ ನಿಮ್ಮ ಕಾಗದ ಬಂದ್ರೆ ಸರಿ. ಇಲ್ಲ ಅಂದ್ರೆ ಇನ್ನೊಂದು ವರ್ಷ ಆ ವ್ಯಾನನ್ನ ಕಣ್ಣು ಕಾಣದ ಮನುಷ್ಯ ಓಡಿಸ್ತಾನೆ.

ನಿಮ್ಮ ನಿಯಮದ ಪ್ರಕಾರ ಇಬ್ಬರು ಡಾಕ್ಟರ ಮೊಹರು ಬೇಕು. ಒಬ್ಬರು ಇಲ್ಲೇ ಇದ್ದಾರೆ. ಕಣ್ಣಿನವರು, ಅದೂ ನೀವು ಒಪ್ಪಿದ ಕಣ್ಣಿನವರು, ನಿಮ್ಮ ದ್ವೀಪದಲ್ಲಿ ಮಾತ್ರ. ಅಕ್ಟೋಬರಲ್ಲಿ ನಾಲ್ಕು ಗಂಟೆ ಹಡಗಲ್ಲಿ ವಾಂತಿ ಮಾಡ್ಕೊಂಡು ಬಂದೆ. ಡಾಕ್ಟರು ಮೂರು ನಿಮಿಷ ನೋಡಿದ್ರು.

"ಕಣ್ಣು ಹದ್ದಿನ ಹಾಗಿದೆ ಕಣಮ್ಮ. ಯಾವ ದ್ವೀಪ?"

ಹೇಳಿದೆ.

"ಅಲ್ಲಿ ರಸ್ತೆ ಇದೆಯಾ?"

ಇದೆ ಸಾರ್, ಅದರ ಮೇಲೆ ಓಡಿಸೋ ಹಕ್ಕು ಮಾತ್ರ ನಿಮ್ಮ ಊರಲ್ಲಿದೆ, ಅಂತ ಹೇಳೋಷ್ಟು ಧೈರ್ಯ ಅವತ್ತು ಇರಲಿಲ್ಲ. ಆಚೆ ಬಂದ್ರೆ ಗಾಳಿಯ ಬಲ ಹವಾಮಾನದವರ ಅಳತೇಲಿ ಎಂಟು ದಾಟಿತ್ತು. ಎಂಟು ದಾಟಿದ್ರೆ ಹಡಗು ಬಿಡಲ್ಲ ಅನ್ನೋದು ಹಾಲು ಕುಡಿಯೋ ಮಗುಗೂ ಗೊತ್ತು. ಮೂರು ನಿಮಿಷದ ಕೆಲಸಕ್ಕೆ ಎರಡು ರಾತ್ರಿ ರೂಮ್ ಬಾಡಿಗೆ. ಗಾಳಿಗೆ ನೀವು ಹೊಣೆ ಅಲ್ಲ, ಒಪ್ತೀನಿ. ಆದ್ರೆ ಎರಡು ಕಣ್ಣಿರೋ ಹುಡುಗಿ ಒಬ್ಬ ಡಾಕ್ಟರ್ ಹತ್ರ ಹೋಗೋ ಬದಲು, ಒಬ್ಬ ಡಾಕ್ಟರ್ ತಿಂಗಳಿಗೊಂದು ದಿನ ಪರವಾನಗಿಗೆ ಕಾಯ್ತಿರೋ ನಮ್ಮ ಮೂವತ್ತು ಮಂದಿ ಹತ್ರ ಬರಬಾರದು ಅಂತ ಬರೆದದ್ದು ಗಾಳಿಯಾ?

ಮುಂದಿನದು ಓದುವಾಗ ಸ್ವಲ್ಪ ಕೂತ್ಕೊಳ್ಳಿ. ಜನವರಿ ಹನ್ನೊಂದಕ್ಕೆ ಲಿಖಿತ ಪರೀಕ್ಷೆ ಅಂತ ಎರಡನೇ ಸಲ ಬಂದೆ. ಪುಸ್ತಕ ಪೂರ್ತಿ ಬಾಯಿಪಾಠ. ನಿಮ್ಮ ಕಿಟಕಿ ಹಿಂದಿನ ಗುಮಾಸ್ತರು ಕಂಪ್ಯೂಟರ್ ನೋಡಿದ್ರು, ನನ್ನ ನೋಡಿದ್ರು, ಮತ್ತೆ ಕಂಪ್ಯೂಟರ್ ನೋಡಿದ್ರು.

"ನೀನು ಪರೀಕ್ಷೆ ಬರೆಯೋ ಹಾಗಿಲ್ಲ. ನಿನಗೆ ಏಳು ವರ್ಷ."

"ಸಾರ್, ಅದು ನಮ್ಮ ಚಿಕ್ಕಪ್ಪನ ಮಗಳು. ಅವಳೂ ಕಲಿರೋಯಿ ಗವಾಲಾನೇ."

"ಇಂಥ ವಿಚಿತ್ರ ಹೆಸರು ಇಬ್ಬರಿಗೆ ಇರತ್ತಾ? ಅದಕ್ಕೇ ನಿನ್ನ ಕಣ್ಣಿನ ಸರ್ಟಿಫಿಕೇಟ್ ಬಂದಾಗ ಕಂಪ್ಯೂಟರಲ್ಲಿ ಮೊದಲು ಬಂದ ಹೆಸರನ್ನ ಒತ್ತಿದೆ."

"ಅಜ್ಜಿ ಹೆಸರು ಸಾರ್, ಇಬ್ಬರಿಗೂ ಇಟ್ಟಿದ್ದಾರೆ. ಅಪ್ಪನ ಹೆಸರು ಬೇರೆ ಬೇರೆ ಇದೆಯಲ್ಲ, ಅದನ್ನ ನೋಡಬೇಕಿತ್ತು. ನಿಮಗೆ ಯಾರ ಹೆಸರಿಟ್ಟಿದ್ದಾರೆ?"

"ತಾತಂದು."

"ನಿಮ್ಮ ಮನೇಲಿ ಅದೇ ಹೆಸರು ಇನ್ನೆಷ್ಟು ಜನಕ್ಕಿದೆ?"

"ಮೂರು ಜನಕ್ಕೆ," ಅಂದ್ರು. ಹಿಂದೆ ಸಾಲಲ್ಲಿ ನಿಂತಿದ್ದೋರು ನಕ್ಕರು. ಅವರು ಕಿಟಕಿ ಮುಚ್ಚಿದ್ರು.

ಈ ದೇಶದಲ್ಲಿ ಯಾವ ಮನೇಲಿ ಅಜ್ಜಿ ಹೆಸರು ಎರಡು ಮೊಮ್ಮಕ್ಕಳಿಗಿಲ್ಲ, ಹೇಳಿ. ಹೆಸರಿನ ಪಕ್ಕ ಅಪ್ಪನ ಹೆಸರು ಬರೆಸಿಕೊಳ್ಳೋದೇ ಅದಕ್ಕಲ್ವಾ? ನಿಮ್ಮ ಘನ ಕಚೇರಿಯ ದಾಖಲೆಯಲ್ಲಿ ಈಗ ಒಂದನೇ ಕ್ಲಾಸಿನ ಹುಡುಗಿಗೆ ಗಾಡಿ ಓಡಿಸೋಕೆ ಯೋಗ್ಯವಾದ ಕಣ್ಣಿದೆ ಅಂತ ಸರ್ಕಾರಿ ಮೊಹರು ಬಿದ್ದಿದೆ. ನಾನು ಪರೀಕ್ಷೆಗೆ 'ಗೈರುಹಾಜರು'. ಕಿಟಕಿ ಮುಂದೆ ನಿಂತುಕೊಂಡೇ ಗೈರುಹಾಜರು, ಕಟ್ಟಿದ ಶುಲ್ಕಾನೂ ಹೋಯ್ತು. ಮೂರನೇ ಸಲ, ನಾವಿಬ್ಬರು ಬೇರೆ ಬೇರೆ ಜೀವ ಅಂತ ಪುರಸಭೆಯಿಂದ ಪತ್ರ ಬರೆಸಿಕೊಂಡು ಬಂದೆ. ಅದೇ ಗುಮಾಸ್ತರು, "ಸರ್ಟಿಫಿಕೇಟನ್ನ ಒಬ್ಬರ ಫೈಲಿಂದ ಇನ್ನೊಬ್ಬರ ಫೈಲಿಗೆ ಹಾಕೋಕೆ ಅವಕಾಶ ಇಲ್ಲಮ್ಮ, ಹೊಸದಾಗಿ ಕಣ್ಣು ತೋರಿಸ್ಕೊಂಡು ಬಾ" ಅಂದ್ರು. ಕಣ್ಣಿನ ಡಾಕ್ಟರು ಫೆಬ್ರವರಿ ಇಪ್ಪತ್ತರವರೆಗೆ ರಜಾ. ತಪ್ಪು ಮಾಡಿದ್ದು ನಿಮ್ಮ ಬೆರಳು, ದಂಡ ಕಟ್ಟಬೇಕಾದ್ದು ನನ್ನ ಕಣ್ಣು. ಇದಕ್ಕೆ ಯಾವ ಕಲಮು, ಯಾವ ಉಪಕಲಮು, ದಯಪಾಲಿಸಿ ತಿಳಿಸಬೇಕು.

ನಮ್ಮೂರಲ್ಲಿ ನನ್ನ ಸ್ಥಿತಿ ಏನು ಗೊತ್ತಾ? ಇಲ್ಲಿ ಅರ್ಧಕ್ಕರ್ಧ ಜನ ಪರವಾನಗಿ ಇಲ್ಲದೇ ಓಡಿಸ್ತಾರೆ. ಚಿಕ್ಕಪ್ಪ ಕಾಫಿ ಅಂಗಡಿಲಿ ಎಲ್ಲರ ಮುಂದೆ, "ನೋಡ್ರಪ್ಪ, ನಮ್ಮ ಕಲಿರೋಯಿ ಸುಮ್ನೆ ಕೀಲಿ ತಿರುಗಿಸೋ ಬದಲು ಸಮುದ್ರಕ್ಕೆ ದುಡ್ಡು ಹಾಕ್ತಿದ್ದಾಳೆ" ಅಂತಾನೆ. ಪಕ್ಕದಲ್ಲಿ ಕೂತಿದ್ದ ಪೊಲೀಸು, "ನಾನಿದ್ದೀನಲ್ಲಮ್ಮ, ಇಲ್ಲಿ ನಿನ್ನ ಹಿಡಿಯೋರು ಯಾರು?" ಅಂತಾನೆ. ಹಿಡಿಯೋರು ಯಾರೂ ಇಲ್ಲ, ನಿಜ. ಆದ್ರೆ ಯಾರಿಗಾದ್ರೂ ಗುದ್ದಿದ್ರೆ ವಿಮೆಯವರು ಒಂದು ಸೆಂಟೂ ಕೊಡಲ್ಲ, ಮಾಮನ ಬೇಕರಿ ಹರಾಜಾಗತ್ತೆ. ಅಷ್ಟು ತಿಳ್ಕೊಂಡು ನಿಮ್ಮ ನಿಯಮ ಪಾಲಿಸ್ತಿರೋಳು ನಾನೊಬ್ಬಳೇ. ಆ ನಿಯಮ ನನಗೆ ಮಾಡಿರೋ ಮರ್ಯಾದೆ ಮೇಲೆ ಬರೆದಿದ್ದೀನಿ.

ಈಗ ನಾವು ಏನು ಮಾಡ್ತಿದ್ದೀವಿ ಅಂತ ಹೇಳ್ತೀನಿ, ಇದು ತಪ್ಪೊಪ್ಪಿಗೆ ಅಂತಾನೇ ತಿಳ್ಕೊಳ್ಳಿ. ಮಾಮನ ಪರವಾನಗಿ ಮುಂದಿನ ಬೇಸಿಗೆವರೆಗೂ ಚಾಲ್ತಿಲಿದೆ. ಅದಕ್ಕೆ ಸ್ಟೀರಿಂಗ್ ಮಾಮನ ಕೈಲಿ. ನಾನು ಪಕ್ಕದಲ್ಲಿ ಕೂತು ರಸ್ತೆ ಓದಿ ಹೇಳ್ತೀನಿ, ರ್ಯಾಲಿಲಿ ಪಕ್ಕದವರು ತಿರುವು ಓದ್ತಾರಲ್ಲ, ಹಾಗೆ. "ಎಡಕ್ಕೆ, ಬಿಗಿ ತಿರುವು. ನೇರ, ನೂರು ಮೀಟರ್. ಬಲಗಡೆ ಗೋಡೆ. ಮುಂದೆ ಆಡು." ಮಾಮ "ಎಷ್ಟು ಆಡು?" ಅಂತಾನೆ. "ನಾಲ್ಕು." "ಯಾರದ್ದು?" "ಮಾಮ, ಬ್ರೇಕ್ ಒತ್ತು, ಆಮೇಲೆ ಕೇಳು." ಲೈಸೆನ್ಸ್ ಇರೋನಿಗೆ ಕಣ್ಣಿಲ್ಲ, ಕಣ್ಣಿರೋಳಿಗೆ ಲೈಸೆನ್ಸ್ ಇಲ್ಲ. ಇಬ್ಬರನ್ನೂ ಸೇರಿಸಿದ್ರೆ ನಿಮ್ಮ ಕಾನೂನಿಗೆ ಒಪ್ಪೋ ಒಬ್ಬ ಚಾಲಕ ಆಗ್ತಾನೆ ಅನ್ನೋ ಧೈರ್ಯದಲ್ಲಿ ಹೋಗ್ತಿದ್ದೀವಿ.

ಮೊನ್ನೆ ಮಂಗಳವಾರ ಮೇಲಿನ ಊರಿನ ಶಾಲೆ ತಿರುವಲ್ಲಿ ಮಂಜು. "ನಿಲ್ಸು" ಅಂದೆ. ವ್ಯಾನು ನಿಂತಾಗ ಬಂಪರಿಗೂ ಟೀಚರ್ ಕೋಟಿಗೂ ನಡುವೆ ಒಂದು ಗೇಣಿತ್ತು. ಅವರ ಹಿಂದೆ ಆರು ಮಕ್ಕಳು, ಕೈ ಕೈ ಹಿಡ್ಕೊಂಡು. ಟೀಚರ್ ಮಕ್ಕಳನ್ನ ದಾಟಿಸಿಕೊಂಡು ಹೋದ್ರು. ಮಾಮ ಇಂಜಿನ್ ಆಫ್ ಮಾಡಿ, ಎರಡೂ ಕೈ ತೊಡೆ ಮೇಲಿಟ್ಕೊಂಡು ಕೂತಿದ್ದ. ನನ್ನ ಕಡೆ ತಿರುಗಿ ಕೇಳಿದ.

"ಮಗಳೇ, ಆಗ ನಿನಗೆ ಕೆಮ್ಮು ಬಂದಿದ್ರೆ?"

ಆ ಪ್ರಶ್ನೆಗೆ ಉತ್ತರ ನಿಮ್ಮ ಹತ್ರ ಇದ್ರೆ ಕಳಿಸಿ.

ಇಲ್ಲದಿದ್ರೆ ಹೀಗೆ ಮಾಡಿ. ಒಂದೇ ಸಹಿಯಲ್ಲಿ ನನ್ನ ಕಣ್ಣಿನ ಸರ್ಟಿಫಿಕೇಟನ್ನ ನನ್ನ ಫೈಲಿಗೆ ಹಾಕಿಸಿ, ಫೆಬ್ರವರಿ ಹದಿನೈದರೊಳಗೆ ಲಿಖಿತ ಪರೀಕ್ಷೆಗೆ ಕೂರಿಸಿ, ಹೊಸದಾಗಿ ಒಂದು ಸೆಂಟೂ ಕೇಳದೆ. ಬರೋ ಗುರುವಾರದ ಹಡಗಲ್ಲಿ ಯಾರಾದ್ರೂ ಒಬ್ಬ ಕಣ್ಣಿನ ಡಾಕ್ಟರನ್ನ ಇಲ್ಲಿಗೆ ಕಳಿಸಿ. ಅವರ ಟಿಕೆಟ್ ದುಡ್ಡು ಬೇಕರಿ ಕೊಡತ್ತೆ. ಮಾಮ ಇದನ್ನ ಬರೆಯೋಕೆ ಹೇಳಿದ್ದಾನೆ: ಡಾಕ್ಟರು ಬಂದ್ರೆ ಮೊದಲು ತನ್ನ ಕಣ್ಣು ನೋಡಲಿ, ಪರವಾನಗಿ ಅಲ್ಲೇ ಕಿತ್ಕೊಂಡು ಹೋಗಲಿ, ತಾನು ಬೇಡ ಅನ್ನಲ್ಲ ಅಂತ.

ಇಂತಿ,
ನಾಳೆ ಬೆಳಿಗ್ಗೆ ಆರಕ್ಕೆ ಮತ್ತೆ ಅದೇ ವ್ಯಾನಲ್ಲಿ ಮಾಮನ ಪಕ್ಕದ ಸೀಟಲ್ಲಿ ಕೂತು, ಕೆಮ್ಮದೇ ಇರೋಕೆ ಪ್ರಯತ್ನ ಪಡೋ,
ಕಲಿರೋಯಿ ಗವಾಲಾ
ತಂದೆ: ಸ್ತಮಾತಿಸ್