ಬೀಗದ ಮೇಲಿನ ಕೆಂಪು

ಕೊಂಬೈ

ದಿಂಡುಕ್ಕಲ್ಲಿನ ಬೀಗದಂಗಡಿ ಬಾಲಮುರುಗನ್ ಅಣ್ಣನಿಗೆ ನಮಸ್ಕಾರ.

ನನ್ನ ಹೆಂಡತಿ ವೀರಮ್ಮಾಳ್ ತವರಿನಿಂದ ತಂದ ಹಳೆಯ ಟ್ರಂಕನ್ನು ಸರಿಮಾಡುತ್ತಿದ್ದೇನೆ. ಅದರ ಕಬ್ಬಿಣದ ಬೀಗವನ್ನು ಬಸ್ ಪಾರ್ಸಲಿನಲ್ಲಿ ಕಳಿಸಿದ್ದೇನೆ. ಟ್ರಂಕಿನ ಹಸಿರು ಬಣ್ಣ ಕೆರೆದಾಗ ಮುಚ್ಚಳದ ಮೇಲೆ ತಮಿಳಿನಲ್ಲಿ ‘ತಲೈಮನ್ನಾರ್’ ಎಂದು ಸಿಲೋನಿನ ಹಡಗುಕಟ್ಟೆಯ ಹೆಸರು ಬರೆದದ್ದು ಕಂಡಿತು. ಅವಳ ಮನೆಯವರಲ್ಲಿ ಯಾರು ಸಿಲೋನಿಗೆ ಹೋಗಿದ್ದರೋ! ಕಂಬಂನಲ್ಲಿರುವ ಅವಳ ಅಣ್ಣನ ಮಕ್ಕಳನ್ನು ವಿಚಾರಿಸಿದೆ, ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವಳು ತೈ ತಿಂಗಳಲ್ಲಿ, ಪೊಂಗಲ್ ಕಳೆದ ಮೇಲೆ, ತೀರಿಕೊಂಡಳು.

ಬೀಗದ ಒಳಗೆ ಎಷ್ಟು ಬೇಕೋ ಅಷ್ಟು ತಿಕ್ಕಿ, ಎಣ್ಣೆ ಬಿಡಿ. ಮೇಲಿರುವ ಕೆಂಪನ್ನು ಮಾತ್ರ ತುಕ್ಕು ಅಂದುಕೊಂಡು ಉಜ್ಜಬೇಡಿ. ಅದು ಕುಂಕುಮ. ಪ್ರತಿ ಆಯುಧ ಪೂಜೆಗೂ ಅವಳು ಕುಡುಗೋಲು, ಪಂಪ್‌ಸೆಟ್ಟುಗಳ ಜೊತೆಗೆ ಇದಕ್ಕೂ ಇಡುತ್ತಿದ್ದಳು. ನಾನು ನಕ್ಕರೆ, “ಇದೂ ಮನೆ ಕಾಯ್ತದಲ್ಲಾ, ಇದ್ಕೂ ಒಂದು ಬೊಟ್ಟು ಇಕ್ಬೇಕು” ಅನ್ನುತ್ತಿದ್ದಳು.

ಮನೆಯಲ್ಲಿ ಈಗ ನಮ್ಮ ಕನ್ನಡ ಮಾತು ಆಡುವವರಿಲ್ಲ. ನೀವು ಫೋನಿನಲ್ಲಿ ಅದೇ ಮಾತು ಆಡಿದಿರಿ ಅಂತ ಅಷ್ಟು ಹೊತ್ತು ನಿಮ್ಮನ್ನು ಬಿಡಲಿಲ್ಲ. ಬೇಸರ ಪಟ್ಟುಕೊಳ್ಳಬೇಡಿ.

ಎರಡು ಬೀಗದ ಕೈ ಮಾಡಲಾ ಎಂದು ಕೇಳಿದ್ದಿರಿ. ಒಂದೇ ಸಾಕು.

ಇಂತಿ,
ಮುತ್ತುಸಾಮಿ