ಐದು ವೋಟು, ಒಂದು ಬೋಳು ಹಣೆ

ಟೌನ್ ಕೌನ್ಸಿಲ್‌ನ ಮಾನ್ಯ ಅಧ್ಯಕ್ಷರೇ,

ನಮಗೆ ಭಯವಾಗಿದೆ. ಇದನ್ನೇ ಎರಡು ಸಲ ಇಂಗ್ಲಿಷಿನಲ್ಲಿ ಬರೆದೆ, ಉತ್ತರವಿಲ್ಲ. ಈಗ ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ತಾವು ಓದುವುದಿಲ್ಲವೆಂದು ಈ ಸಲ ಮೊದಲೇ ಗೊತ್ತಿರುವುದು ಒಂದು ನೆಮ್ಮದಿ.

ಕಳೆದ ಬೇಸಿಗೆಯಿಂದ ನಮ್ಮ ಬೀದಿಗಳಲ್ಲಿ ಹಣೆಯ ಕುಂಕುಮ ಕಂಡರೆ ಪುಂಡರು ಕಾರು ನಿಧಾನಿಸಿ ಬಾಟಲಿ ಎಸೆಯುತ್ತಾರೆ. ಒಂದು ನನ್ನ ಹೆಂಡತಿ ಶೈಲಮ್ಮನ ಭುಜಕ್ಕೆ ತಗುಲಿತು. ಸಂಜೆ ಒಂದು ಪೊಲೀಸ್ ಗಾಡಿ ಓಡಾಡಲಿ ಎಂದು ಬೇಡಿಕೊಂಡೆವು. ಐವರು ಕೌನ್ಸಿಲರುಗಳೂ ಆಗದೆಂದು ತಲೆಯಾಡಿಸಿದರು. ಐವರೂ ಗುಡ್ಡದ ಮೇಲಿನ ಬಡಾವಣೆಯವರೇ. ಅಲ್ಲಿ ಗಾಡಿ ಈಗಲೂ ಓಡಾಡುತ್ತದೆ, ಬಹುಶಃ ಅಳಿಲುಗಳ ರಕ್ಷಣೆಗೆ.

ಐದಕ್ಕೆ ಐದು ಸೀಟೂ ಅವರಿಗೇ ಹೇಗೆ ಸಿಕ್ಕವು? ಈ ಊರಿನಲ್ಲಿ ವಾರ್ಡುಗಳಿಲ್ಲ. ಊರಿಗೆ ಊರೇ ಒಂದು ಕ್ಷೇತ್ರ, ಐದು ಸೀಟು, ಪ್ರತಿಯೊಬ್ಬರಿಗೂ ಐದು ವೋಟು. ಅರ್ಧಕ್ಕಿಂತ ತುಸು ಹೆಚ್ಚು ಜನ ಒಟ್ಟಾದರೆ ಎಲ್ಲ ಸೀಟೂ ಅವರದೇ. ಪಂಕ್ತಿಯಲ್ಲಿ ಅರ್ಧ ಜನಕ್ಕೆ ಪಾಯಸ, ಉಳಿದವರಿಗೆ ಬರೀ ಎಲೆ ಹಾಕಿದರೆ ಅದನ್ನು ಊಟ ಎನ್ನುತ್ತಾರೆಯೇ?

ಈ ಸಲ ಚುನಾವಣೆಗೆ ನಮ್ಮ ಸುಧಾಮಣಿ ಆಂಟಿ ನಿಂತಿದ್ದರು. ಗುಡ್ಡದವರಲ್ಲೇ ಜಗಳವಾಗಿ ಅವರ ವೋಟು ಒಡೆದಿತ್ತು. ನಮ್ಮವರು ಆಂಟಿಯೊಬ್ಬರಿಗೇ ಹಾಕಿ, ಮಿಕ್ಕ ನಾಲ್ಕು ವೋಟು ಹಾಕದೆ ಬಂದಿದ್ದರೆ ಐದನೆಯ ಸೀಟು ನಮ್ಮದಾಗುತ್ತಿತ್ತು. ಆದರೆ ನಾವು ಬಡಿಸಿದ್ದನ್ನು ಎಲೆಯಲ್ಲಿ ಬಿಡಬಾರದೆಂದು ಕಲಿತವರು. “ಪಾಪ, ಗುಡ್ಡದವ್ರು ಮನೆ ತಂಕ ಬಂದು ಶೇಕ್‌ಹ್ಯಾಂಡ್ ಮಾಡಿದ್ರು ಕಣ್ರೀ. ನಾಲ್ಕು ವೋಟು ಸುಮ್ನೆ ವೇಸ್ಟ್ ಮಾಡೋಕಾಗುತ್ತಾ?” ಎಂದರು ಪಕ್ಕದ ಮನೆಯ ಪುಟ್ಟಸ್ವಾಮಿ. ಆ ಮರ್ಯಾದೆಯ ವೋಟುಗಳಿಂದಲೇ ಗುಡ್ಡದ ಐದನೆಯವರು ಗೆದ್ದರು. ಆಂಟಿ ಆರನೆಯವರಾದರು.

ಫಲಿತಾಂಶ ಬಂದ ಮಾರನೆಯ ಬೆಳಿಗ್ಗೆ ಶೈಲಮ್ಮ ಟಿಶ್ಯೂ ಹಿಡಿದು ಕನ್ನಡಿಯ ಮುಂದೆ ನಿಂತಳು. “ಇನ್ಮೇಲೆ ಒರೆಸ್ಕೊಂಡೇ ಬಸ್ ಸ್ಟಾಪಿಗೆ ಹೋಗ್ತೀನಿ ರೀ. ಕೆಲಸಕ್ಕೆ ಹೋಗಲೇಬೇಕಲ್ಲ,” ಎಂದಳು. ನಮ್ಮ ಕಡೆ ಹೆಂಗಸರ ಹಣೆ ಒರೆಸುವ ಸಂದರ್ಭ ಒಂದೇ. ಅದನ್ನು ತಮಗೆ ವಿವರಿಸಲು ನನಗೆ ನಾಲಿಗೆ ಬಾರದು.

ಊರನ್ನು ಐದು ವಾರ್ಡು ಮಾಡುವ ಪ್ರಶ್ನೆಯನ್ನು ಬರುವ ನವೆಂಬರಿನಲ್ಲಿ ಜನರ ಮುಂದಿಡಿ. ಅಲ್ಲಿಯವರೆಗೆ ಸಂಜೆ ಬಸ್ ಬರುವ ಹೊತ್ತಿಗೆ ಒಂದು ಪೊಲೀಸ್ ಗಾಡಿ ಕಳಿಸಿ. ಅದಕ್ಕೆ ಯಾರ ವೋಟೂ ಬೇಕಿಲ್ಲ.

ಇಂತಿ, ಬಾಗಿಲಿಗೆ ಎರಡು ಚಿಲಕ ಹಾಕಿಕೊಂಡು,
ಬೋರಲಿಂಗಯ್ಯ
ಶೈಲಮ್ಮನ ಗಂಡ, ಇನ್ನೂ ಬದುಕಿದ್ದೇನೆ
ನ್ಯೂಜೆರ್ಸಿ, ಡಿಸೆಂಬರ್ 1988