ಉಡಿಯಕ್ಕಿಯ ತೂಕ

ಹೊಸ ಗದಗ
ಫಾಲ್ಗುಣದ ಮೂವತ್ತೈದನೆಯ ದಿನ, ಕ್ರಿ.ಶ. 2391

ಶತಮಾನಗಳ ಹಿಂದಿನ ನನ್ನ ಹಿರಿಯರಾದ ನಿಮಗೆ ಬಸಲಿಂಗವ್ವನ ನಮಸ್ಕಾರಗಳು.

ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ಹುಡುಕುವ ಕಷ್ಟ ಬೇಡ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಮ್ಮಲ್ಲಿ ಪ್ರತಿ ಮನೆಗೂ ತೂಕಹೊಸ್ತಿಲು ಇರುತ್ತದೆ. ಬಸುರಿ ಅದನ್ನು ತುಳಿದಾಗ ತಿಂಗಳಿಗೆ ತಕ್ಕ ತೂಕವಿದ್ದರೆ ಬಾಗಿಲ ಮೇಲೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ಹಸಿರು ಕಂಡರೆ ಮನೆಮಂದಿಯೆಲ್ಲ ನಿಶ್ಚಿಂತೆ. ಊಟ ಆಯಿತೇ ಎಂದು ಕೇಳುವ ರೂಢಿಯೇ ತಪ್ಪಿಹೋಗಿದೆ. ದೀಪವಿರುವಾಗ ಬಾಯಿಗೇಕೆ ಕೆಲಸ?

ನನ್ನ ತಂಗಿ ಗಂಗಾಂಬಿಕೆ ಈಗ ತುಂಬು ಬಸುರಿ. ಕುಬಸದ, ಅಂದರೆ ಸೀಮಂತದ ದಿನ ಮುತ್ತೈದೆಯರು ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ಹಾಕಿ ಉಡಿ ತುಂಬಿದರು. ಈ ಪದ್ಧತಿ ನಿಮ್ಮಿಂದಲೇ ಬಂದದ್ದು, ವಿವರಿಸಬೇಕಿಲ್ಲ. ಅಂದು ಕಟ್ಟಿದ ಉಡಿಯನ್ನು ಅವಳು ಹೊಸ್ತಿಲ ಹತ್ತಿರ ಬರುವಾಗ ಎಂದೂ ಬಿಚ್ಚಿರಲಿಲ್ಲ. ಇಷ್ಟು ಭಕ್ತಿಯ ಹುಡುಗಿ ಈ ಕಾಲದಲ್ಲಿ ಎಲ್ಲಿ ಸಿಗುತ್ತಾಳೆಂದು ಅವಳ ಅತ್ತೆ ಓಣಿಯೆಲ್ಲ ಹೇಳಿಕೊಂಡು ಬಂದರು. ಬಸುರಿಯ ಉಡಿ ಬಿಚ್ಚಿಸುವುದು ಅಶುಭವೆಂದು ಸೂಲಗಿತ್ತಿಯೂ ಸುಮ್ಮನಾದಳು.

ಕಳೆದ ವಾರ ಗಂಗಾ ಕಣ್ಣುಕತ್ತಲೆ ಬಂದು ಕುಸಿದಳು. ಉಸಿರಾಟ ಸರಾಗವಾಗಲಿ ಎಂದು ನಾನೇ ಉಡಿ ಬಿಚ್ಚಿ ಪಕ್ಕಕ್ಕಿಟ್ಟೆ. ಚೇತರಿಸಿಕೊಂಡು ಎದ್ದವಳು ಹೊಸ್ತಿಲು ತುಳಿದಳು, ದೀಪ ಕೆಂಪಾಯಿತು. ಉಡಿಗೆ ದಿನವೂ ಒಂದಿಷ್ಟು ಅಕ್ಕಿ ಸೇರಿಸುತ್ತಿದ್ದಳಂತೆ. ಹೊಟ್ಟೆಯೊಳಗೆ ಹೋಗಬೇಕಾದದ್ದು ಹೊರಗೆ ನೇತಾಡುತ್ತಿತ್ತು.

"ಅಕ್ಕಾ, ಕೂಸು ಬೆಳೀಲಿ, ನಾ ಬೆಳೀಬಾರ್ದು ಅನಸ್ತದ. ತುತ್ತು ಒಳಗ ಹೋದ್ರ ಅಂಜಿಕಿ ಬರ್ತದ. ತಿಂದದ್ದೂ ಕಕ್ಕತೀನಿ," ಎಂದಳು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು.

ಕರೆಸಿದ ವೈದ್ಯೆ ಬೈಯಲಿಲ್ಲ. ಇದು ಹಟವಲ್ಲ, ಕಾಯಿಲೆ. ಮೈ ಬದಲಾಗುವ ಬಸುರಿನಲ್ಲಿ ಹೆಚ್ಚಬಹುದು, ಆರೈಕೆಯಿಂದ ಗುಣವೂ ಆಗಬಹುದು ಎಂದರು. ಕೂಸು ಸಣ್ಣದಿದೆ, ಎದೆಬಡಿತ ಚೆನ್ನಾಗಿದೆ. ಉಳಿದ ದಿನಗಳಲ್ಲಿ ಇಬ್ಬರಿಗೂ ಅನ್ನ ಸೇರಬೇಕು. ಈಗ ನಾನು ಅವಳ ಜೊತೆಯೂಟದವಳು. ಅಂದರೆ ಎದುರು ಕೂತು ತಾನೂ ಉಣ್ಣುವವಳು, ತಟ್ಟೆ ನೋಡದೆ ಮುಖ ನೋಡಿ ಮಾತಾಡುವವಳು. ಹೊಸ್ತಿಲ ದೀಪಕ್ಕೆ ಬಟ್ಟೆ ಕಟ್ಟಿದ್ದೇವೆ. ಅತ್ತೆಗೆ ಇನ್ನೂ ಅಭ್ಯಾಸ ತಪ್ಪಿಲ್ಲ, ಬಟ್ಟೆಯನ್ನೇ ನೋಡುತ್ತಾರೆ.

ನಿಮ್ಮಲ್ಲೊಂದು ವಿನಂತಿ. ನಿಮ್ಮ ಮನೆಯ ಬಸುರಿಗೆ ದಪ್ಪಗಾದೆ, ತೆಳ್ಳಗಾದೆ ಎನ್ನಬೇಡಿ. ಊಟಕ್ಕೆ ಅಂಜಿಕೆಯಾಗುತ್ತದೆಯೇ ಎಂದು ಕೇಳಿ, ಉತ್ತರ ಬರುವವರೆಗೆ ಕೂತಿರಿ.

ಇವತ್ತು ಆ ಉಡಿಯಕ್ಕಿಯನ್ನೇ ಹುಗ್ಗಿಗೆ ಇಟ್ಟಿದ್ದೇನೆ. ಗಂಗಾ ತಾನಾಗಿ ತಂದುಕೊಟ್ಟಳು. ಉಣ್ಣುತ್ತಾಳೋ ಇಲ್ಲವೋ ಗೊತ್ತಿಲ್ಲ. ಎರಡು ತಟ್ಟೆ ಹಾಕಿ ಕರೆಯುತ್ತಿದ್ದಾಳೆ, ಬರುತ್ತೇನೆ.